ರತ್ನಗಂಬಳಿಯಲ್ಲೊಂದು ಎಡಗಂಟು

ಹೊಸದುರ್ಗದಲ್ಲಿ ಹೆಣ್ಣುಮಕ್ಕಳಿಗೆ ಮತ್ತೆ ಉಣ್ಣೆ ಕೆಲಸ ಕಲಿಸುತ್ತಿದ್ದಾರಂತೆ. ಅಲ್ಲಿನ ಮೇಡಂ ಮನೆಗೆ ಬಂದು, "ನೀವು ಇಷ್ಟು ವರ್ಷ ರತ್ನಗಂಬಳಿ ಕಟ್ಟಿದ್ದೀರಿ, ಹಳೆಯವನ್ನು ರಿಪೇರಿ ಮಾಡಿದ್ದೀರಿ, ನಮ್ಮ ಹುಡುಗಿಯರಿಗೆ ನಾಲ್ಕು ಮಾತು ಬರೆದುಕೊಡಿ" ಎಂದು ಕೇಳಿದರು. ಮಾತಾಡಲು ಕರೆದಿದ್ದರೆ ಹೋಗಿ ಚೆನ್ನಾಗಿ ಬೈದು ಬರುತ್ತಿದ್ದೆ. ಬೈದರೆ ಬೇಗ ಕಲಿಯುತ್ತಾರೆ. ಬರೆಯುವುದೆಂದರೆ ಕೂತು ಯೋಚಿಸಬೇಕು, ಯೋಚಿಸಿದರೆ ಅಪ್ಪ ನೆನಪಾಗುತ್ತಾನೆ. ಹಾಗಾಗಿ ಇದು ನಾಲ್ಕು ಮಾತಿಗೆ ಮುಗಿಯುವುದಿಲ್ಲ, ಸಹಿಸಿಕೊಳ್ಳಿ.

ನನ್ನ ಊರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ನಮ್ಮದು ಕುರಿ ಸಾಕಿ ಕಂಬಳಿ ನೇಯುವ ಮನೆ. ಅವ್ವ ನೂಲುತ್ತಿದ್ದಳು, ಅಪ್ಪ ಕುಣಿ ಮಗ್ಗದೊಳಗೆ ಕಾಲು ಇಳಿಬಿಟ್ಟು ನೇಯುತ್ತಿದ್ದ. ಹುಣಸೆ ಬೀಜವನ್ನು ಹುರಿದು, ಬೀಸಿ, ಕುದಿಸಿದ ಸರಿಯನ್ನು ಕಂಬಳಿಗೆ ಬಳಿದು ಬಿಸಿಲಿಗೆ ಹರಡುತ್ತಿದ್ದರು. ಸರಿ ಕುಡಿದ ಕಂಬಳಿ ಬಿರುಸಾಗುತ್ತದೆ, ಮಳೆಗೆ ತಡೆಯುತ್ತದೆ. ನನ್ನ ಬಾಲ್ಯ ಎಂದರೆ ನನಗೆ ಮೊದಲು ಮೂಗಿಗೆ ಬರುವುದು ಆ ಸರಿಯ ವಾಸನೆ.

ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡಬೇಕು. ನಾನು ಎಡಚಿ. ಎಡಗೈಯಲ್ಲಿ ನೀರು ಕೊಟ್ಟರೆ ಅಪ್ಪ ಚೊಂಬನ್ನೇ ಮುಟ್ಟುತ್ತಿರಲಿಲ್ಲ. "ಆ ಕೈಲಿ ಕೊಡಬ್ಯಾಡ ಅಂತ ಎಷ್ಟ್ ಸಲ ಹೇಳ್ಬೇಕೇ ನಿಂಗೆ" ಎಂದು ಗಿಣ್ಣಿಗೆ ಮೊಟಕುತ್ತಿದ್ದ. ನಾನು ಚೊಂಬನ್ನು ಬಲಗೈಗೆ ಬದಲಾಯಿಸಿ ಮತ್ತೆ ಚಾಚುವವರೆಗೂ ಅವನು ಬಾಯಾರಿಕೊಂಡೇ ಕೂತಿರುತ್ತಿದ್ದ. ಅಂಥ ಹಟಮಾರಿ.

ಹಿರಿಯೂರಿನಲ್ಲಿ ರತ್ನಗಂಬಳಿ ಕಟ್ಟುವುದನ್ನು ಕಲಿಸುವ ಕೇಂದ್ರ ಶುರುವಾದಾಗ ಕುರಿ ಮನೆಗಳ ಹುಡುಗಿಯರನ್ನೇ ಹುಡುಕಿ ಕರೆದರು. ಉಣ್ಣೆ ಗೊತ್ತಿರುವ ಕೈ ಬೇಕಿತ್ತು. ನಮ್ಮಲ್ಲಿ ಹೆಂಗಸರು ನೂಲಬಹುದು, ಮಗ್ಗಕ್ಕೆ ಕೂರುವಂತಿಲ್ಲ. ಅಲ್ಲಿ ಮಗ್ಗಕ್ಕೇ ಕೂರಿಸುತ್ತಾರೆ ಎಂದು ತಿಳಿದ ಕೂಡಲೇ ನಾನು ಹೋಗುತ್ತೇನೆ ಎಂದೆ. ಅಪ್ಪ ಮಗ್ಗದ ಕುಣಿಯಿಂದ ಮೇಲೆದ್ದು ಬಂದ.

"ಕಂಬಳಿ ಅಂದ್ರೆ ಏನಂತ ತಿಳ್ಕಂಡೀಯೇ? ದೇವ್ರು ಕುಂತ್ಕಳೋ ಗದ್ದುಗೆ ಅದು. ಜನ ಮೆಟ್ಟು ಬಿಟ್ಟು ಕುಂತ್ಕಂತಾರೆ. ನೀನು ಉಣ್ಣೆನ ತಗಂಡೋಗಿ ಬೂಟ್ಸು ಕಾಲಿಗೆ ಹಾಸ್ತೀಯಾ?"

"ಅದು ಬ್ಯಾರೆ, ಇದು ಬ್ಯಾರೆ ಕಣಪ್ಪ."

"ಉಣ್ಣೆ ಒಂದೇ ಕಣೇ. ಕುರಿ ಒಂದೇ."

ನಾನು ಹೋಗಿಯೇಬಿಟ್ಟೆ. ಅಪ್ಪ ತಡೆಯಲಿಲ್ಲ. ಆದರೆ ಕೇಂದ್ರದ ಬಾಗಿಲಿಗೂ ಬರಲಿಲ್ಲ, ಒಂದೇ ಒಂದು ದಿನ ಬಿಟ್ಟರೆ ನನ್ನ ಕೆಲಸದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಮದುವೆಯಾಗಿ, ಮಾರಿಕಣಿವೆ ನಾಲೆಯ ಮೇಲೆ ಕೆಲಸಕ್ಕಿದ್ದ ಗಂಡನ ಜೊತೆ ಹಿರಿಯೂರಿನಲ್ಲೇ ಸಂಸಾರ ಹೂಡಿದ ಮೇಲೂ ಅಷ್ಟೆ. ಊರಿಗೆ ಹೋದರೆ ಮಳೆ ಕೇಳುತ್ತಿದ್ದ, ಅಳಿಯನ ಆರೋಗ್ಯ ಕೇಳುತ್ತಿದ್ದ. ನಾನು ದಿನವಿಡೀ ಏನು ಮಾಡುತ್ತೇನೆ ಎಂಬುದನ್ನು ಮಾತ್ರ ಕೇಳುತ್ತಿರಲಿಲ್ಲ. ಅದು ನನ್ನನ್ನು ಎಷ್ಟು ನೋಯಿಸುತ್ತಿತ್ತು ಎಂದು ಯಾರಿಗೂ ಹೇಳಿದವಳಲ್ಲ.

ನಮಗೆ ಕಲಿಸಲು ಮಿರ್ಜಾಪುರದ ಕಡೆಯಿಂದ ಒಬ್ಬ ಉಸ್ತಾದರು ಬಂದಿದ್ದರು. ಕನ್ನಡ ಬರುತ್ತಿರಲಿಲ್ಲ. ಅವರು ನಕ್ಷೆ ನೋಡಿಕೊಂಡು ರಾಗವಾಗಿ "ದೋ ಲಾಲ್, ಏಕ್ ನೀಲಾ" ಎಂದು ಕೂಗುವುದು, ನಾವು ಅಷ್ಟು ಗಂಟು ಹಾಕಿ "ಆಯ್ತು" ಎನ್ನುವುದು. ಸ್ವಲ್ಪ ಕಾಲದಲ್ಲೇ ಅವರು "ಎರಡು ಕೆಂಪು, ಒಂದು ನೀಲಿ" ಎಂದು ಹಾಡತೊಡಗಿದರು. ಹೊರಗಿನಿಂದ ಕೇಳಿದವರು ಒಳಗೆ ಭಜನೆ ನಡೆದಿದೆ ಅಂದುಕೊಳ್ಳುತ್ತಿದ್ದರು.

ಪರ್ಷಿಯದ ಗಂಟು ಕಷ್ಟದ್ದೇನಲ್ಲ. ಮಗ್ಗದಲ್ಲಿ ಉದ್ದಕ್ಕೆ ಎಳೆದ ಹಾಸಿನ ಎರಡು ಎಳೆಗಳಲ್ಲಿ ಒಂದನ್ನು ಪೂರ್ತಿ ಸುತ್ತಬೇಕು, ಇನ್ನೊಂದರ ಹಿಂದಿನಿಂದ ನುಸುಳಿಸಿ ತಂದು ಕತ್ತರಿಸಬೇಕು. ಎಲ್ಲರೂ ಎಡಗಡೆಯ ಎಳೆಯನ್ನು ಸುತ್ತಿದರೆ ನನ್ನ ಕೈ ಬಲಗಡೆಯದನ್ನು ಸುತ್ತುತ್ತಿತ್ತು. ಹೀಗಾದರೆ ಗಂಬಳಿಯ ಮೇಲೆ ನಿಲ್ಲುವ ನೂಲಿನ ನವಿರು ಉಳಿದವರದು ಒಂದು ಕಡೆಗೆ, ನನ್ನದು ಇನ್ನೊಂದು ಕಡೆಗೆ ಒರಗುತ್ತದೆ. ಬೆಳಕಿಗೆ ಹಿಡಿದರೆ ಅಲ್ಲೊಂದು ಕಲೆ ಬಿದ್ದ ಹಾಗೆ ಕಾಣುತ್ತದೆ. "ಉಲ್ಟಾ ಬೇಟಾ, ಉಲ್ಟಾ!" ಎಂದು ಉಸ್ತಾದರು ಹಣೆ ಚಚ್ಚಿಕೊಳ್ಳುತ್ತಿದ್ದರು. ಕೊನೆಗೆ ನನಗೆ ಮೂಲೆಯಲ್ಲಿ ಒಂದು ಚಿಕ್ಕ ಮಗ್ಗ ಹಾಕಿಕೊಟ್ಟು, ಒಬ್ಬಳೇ ಕೂತು ಕಟ್ಟು ಎಂದರು. ಎಡಗೈ ಗಂಟಿನವಳು ಇಡೀ ಕೇಂದ್ರದಲ್ಲಿ ನಾನೊಬ್ಬಳೇ. ಜಿಲ್ಲೆಯಲ್ಲೇ ಒಬ್ಬಳಿದ್ದಿರಬೇಕು.

ಉಸ್ತಾದರ ಟ್ರಂಕಿನಲ್ಲಿ ಒಂದು ಟವೆಲಿನಷ್ಟಗಲದ ಹಳೇ ಪರ್ಷಿಯನ್ ಗಂಬಳಿಯ ತುಂಡಿತ್ತು. ಅವರ ತಾತನ ಕಾಲಕ್ಕೂ ಹಳೆಯದು. ಮೊದಲು ನೋಡಿದಾಗ, ಇದೇನು ಸವೆದ ಗೋಣಿಯನ್ನು ಹೀಗೆ ಜೋಪಾನ ಮಾಡುತ್ತಾರೆ ಎಂದು ನಗು ಬಂತು. ತಿರುಗಿಸಿ ಬೆನ್ನನ್ನು ನೋಡು ಎಂದರು. ಬೆನ್ನಿನ ಕಡೆಯೂ ಮುಂದಿನಷ್ಟೇ ಸ್ಪಷ್ಟವಾದ ಹೂವು, ಬಳ್ಳಿ. ಒಂದೊಂದು ಗಂಟೂ ಸಾಸಿವೆಗಿಂತ ಸಣ್ಣದು. ಮಂಜಿಷ್ಠದ ಕೆಂಪು, ನೀಲಿ ಗಿಡದ ನೀಲಿ, ದಾಳಿಂಬೆ ಸಿಪ್ಪೆಯ ಹಳದಿ. ಅಷ್ಟು ಜನ ಕೂತೆದ್ದರೂ ಬಣ್ಣ ಸತ್ತಿರಲಿಲ್ಲ, ಮೆತ್ತಗಾಗಿತ್ತು ಅಷ್ಟೆ. ನೀಲಿಯ ನಡುವೆ ಅಲ್ಲಲ್ಲಿ ತೆಳು ಪಟ್ಟೆಗಳಿದ್ದವು. ಬಣ್ಣ ಕೆಟ್ಟಿದೆ ಎಂದೆ. ಕೆಟ್ಟಿಲ್ಲ, ಅಲ್ಲಿಗೆ ಒಂದು ಸಲದ ಬಣ್ಣದ ನೂಲು ಮುಗಿದು ಇನ್ನೊಂದು ಸಲದ್ದು ಶುರುವಾಗಿದೆ, ಅದನ್ನು ಕಟ್ಟಿದವಳು ಇಲ್ಲಿ ಎದ್ದುಹೋಗಿ ಬೇರೆ ಪಾತ್ರೆಯಲ್ಲಿ ಅದ್ದಿ ತಂದಿದ್ದಾಳೆ ಎಂದರು. ನನಗೆ ಯಾವುದೋ ದೇಶದ ಆ ಹೆಂಗಸು ಅಲ್ಲೇ ಪಕ್ಕದಲ್ಲಿ ಸೆರಗು ಕೊಡವಿಕೊಂಡು ಎದ್ದಂತಾಯಿತು. ಅವತ್ತು ಈ ಕೆಲಸ ನನ್ನನ್ನು ಹಿಡಿದದ್ದು, ಇಲ್ಲಿಯವರೆಗೂ ಬಿಡಲಿಲ್ಲ.

ಒಂದು ಬಣ್ಣ ಮಾತ್ರ ಆ ತುಂಡಿನಲ್ಲಿ ತಿಂದುಹೋಗಿತ್ತು, ಕಪ್ಪು. ಹಳೆಯ ಕಾಲದಲ್ಲಿ ಕಪ್ಪು ಬರಿಸಲು ಕಬ್ಬಿಣದ ನೀರು ಬಳಸುತ್ತಿದ್ದರು. ಆ ಕಬ್ಬಿಣವೇ ನಿಧಾನವಾಗಿ ಉಣ್ಣೆಯನ್ನು ಸುಡುತ್ತದೆ. ಹಳೇ ಪರ್ಷಿಯನ್ ಗಂಬಳಿ ನಿಮ್ಮ ಕೈಗೆ ಬಂದರೆ ಮೊದಲು ಕಪ್ಪು ಗೆರೆಗಳನ್ನು ಮುಟ್ಟಿ ನೋಡಿ, ಅಲ್ಲಿ ಹಳ್ಳ ಬಿದ್ದಿರುತ್ತದೆ. ನಮ್ಮ ಕರಿ ಕುರಿಯ ಉಣ್ಣೆಗೆ ಬಣ್ಣವೇ ಬೇಡವಲ್ಲ, ಅದು ಹುಟ್ಟಿನಿಂದಲೇ ಕಪ್ಪು ಎಂದು ಉಸ್ತಾದರಿಗೆ ತೋರಿಸಿದಾಗ ಅವರು ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿದ್ದರು.

ಕೇಂದ್ರದ ಕೊನೆಯ ವರ್ಷಗಳಲ್ಲಿ ಒಬ್ಬ ಸಾಹೇಬರು ಬಂದರು. ಹಳೇ ಗಂಬಳಿಗೆ ಬೇಡಿಕೆ ಇದೆ ಎಂದು ಯಾರೋ ಅವರ ಕಿವಿ ಕಚ್ಚಿದ್ದರು. ಮಗ್ಗದಿಂದ ಇಳಿಸಿದ ಹೊಸ ಗಂಬಳಿಗಳನ್ನು ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು, ಚಹಾ ನೀರಿನಲ್ಲಿ ಅದ್ದಿ, ಅಂಗಳದಲ್ಲಿ ಹಾಸಿ ಅದರ ಮೇಲೆ ಜೀಪು ಓಡಿಸಿದರು. ಸಂಜೆಯೊಳಗೆ ನೂರು ವರ್ಷ ಹಳೆಯದಾಗಬೇಕಿತ್ತಂತೆ. ಉಸ್ತಾದರು ಕಂಬಕ್ಕೆ ಒರಗಿ ನೋಡುತ್ತಿದ್ದವರು ಒಳಗೆ ಹೋಗಿ ಅತ್ತರು. ಗಂಡಸು ಹಾಗೆ ದನಿ ತೆಗೆದು ಅತ್ತದ್ದನ್ನು ನಾನು ಮೊದಲು ಕೇಳಿದ್ದು ಅವತ್ತೇ. ಬ್ಲೀಚ್ ಕುಡಿದ ಉಣ್ಣೆ ಮುಂದಿನ ಬೇಸಿಗೆಗೆ ಪುಡಿಯಾಯಿತು, ಆಮೇಲೆ ಕೇಂದ್ರವೂ ಮುಚ್ಚಿತು. ಉಸ್ತಾದರು ಊರಿಗೆ ಹೊರಟಾಗ ಆ ಹಳೇ ತುಂಡನ್ನು ನನ್ನ ಕೈಗಿಟ್ಟು ಹೋದರು. ಮತ್ತೆ ಅವರ ಸುದ್ದಿ ತಿಳಿಯಲಿಲ್ಲ.

ಅಲ್ಲಿಂದ ನಾವು ಚಿತ್ರದುರ್ಗಕ್ಕೆ ಬಂದೆವು, ನಾನು ಒಂದು ಕೋಣೆ ಹಿಡಿದು ರಿಪೇರಿಗೆ ಕೂತೆ. ಮಿಷಿನ್ನಿನಲ್ಲಿ ನೇಯ್ದ ಗಂಬಳಿಗಳು ಬಂದ ಮೇಲೆ ಹೊಸದನ್ನು ಕಟ್ಟಿಸುವವರು ಯಾರೂ ಇರಲಿಲ್ಲ, ಹಳೆಯದನ್ನು ಉಳಿಸಿಕೊಳ್ಳುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರು. ರಿಪೇರಿಯ ಮೊದಲ ನಿಯಮ, ಗಂಬಳಿಯ ದಿಕ್ಕೇ ನಮ್ಮ ದಿಕ್ಕು. ಅದು ಎತ್ತ ಒರಗಿದೆಯೋ ನಮ್ಮ ಗಂಟೂ ಅತ್ತಲೇ ಒರಗಬೇಕು. ಅದಕ್ಕಾಗಿ ನಾನು ಬಲಗೈಯಲ್ಲಿ ಸೂಜಿ ಹಿಡಿದು ಎಲ್ಲರ ಹಾಗೆ ಕಟ್ಟುವುದನ್ನು ಮೊದಲಿನಿಂದ ಕಲಿತೆ. ಅಪ್ಪನ ಮೊಟಕು ಮಾಡಲಾಗದ್ದನ್ನು ಆ ಸೂಜಿ ಮಾಡಿತು.

ಬಂದ ಗಂಬಳಿಗಳಲ್ಲಿ ಒಂದೊಂದು ಒಂದೊಂದು ಬಗೆ. ಹೊರಕೆರೆದೇವಪುರದ ಕಡೆಯ ಇಬ್ಬರು ಅಣ್ಣತಮ್ಮಂದಿರು ಆಸ್ತಿ ಹಿಸ್ಸೆಯಾದಾಗ ತಾತನ ಗಂಬಳಿಯನ್ನೂ ನಡುವೆ ಕೊಯ್ದು ಹಂಚಿಕೊಂಡಿದ್ದರು. ಅಣ್ಣ ತೀರಿಕೊಂಡ ಮೇಲೆ ತಮ್ಮ ಎರಡೂ ತುಂಡು ಹೊತ್ತುಕೊಂಡು ಬಂದ. "ಒಂದ್ ಮಾಡ್ಕೊಡ್ರಿ ಅಕ್ಕಾರೆ, ನೋಡಾಕಾಗಲ್ಲ" ಎಂದ. ನನಗೆ ಮೊದಲು ಸಿಟ್ಟೇ ಬಂತು. "ಕೊಯ್ಯುವಾಗ ಕಣ್ಣು ಎಲ್ಲಿತ್ತಪ್ಪ?" ಎಂದು ಕೇಳಿಯೇಬಿಟ್ಟೆ. ಅವನು ಎರಡೂ ತುಂಡನ್ನು ನೆಲದ ಮೇಲೆ ಅಂಚಿಗೆ ಅಂಚು ಕೂಡಿಸಿ ಹಿಡಿದಾಗ ನಾನು ಕೇಳಬಾರದಿತ್ತು ಅನ್ನಿಸಿತು. ಎರಡು ಮನೆಗಳಲ್ಲಿ ಬೇರೆ ಬೇರೆ ಬಿಸಿಲು ಕಂಡು ಒಂದು ತುಂಡು ಮಾಸಿತ್ತು, ಇನ್ನೊಂದು ಗಾಢವಾಗಿಯೇ ಇತ್ತು. ಜೋಡಿಸಿದೆ. ಆದರೆ ನಡುವಿನ ಗೆರೆ ಹೋಗಲಿಲ್ಲ. ಹೋಗುವುದಿಲ್ಲ ಎಂದು ಮೊದಲೇ ಹೇಳಿಬಿಡುವುದು ಒಳ್ಳೆಯದು, ನೀವೂ ಹೇಳಿ.

ಈಗ ನಡುವಿನ ಒಂದು ದಿನದ ಮಾತು ಹೇಳಬೇಕು. ಕೇಂದ್ರ ಇನ್ನೂ ನಡೆಯುತ್ತಿದ್ದ ಕಾಲ. ಹರಿಯಬ್ಬೆಗೆ ಹೋಗಿದ್ದೆ. ಅಂಗಳದಲ್ಲಿ ಹುರಿ ಮಂಚದ ಮೇಲೆ ಕೂತಿದ್ದ ಅಪ್ಪ ಇದ್ದಕ್ಕಿದ್ದಂತೆ, "ಆ ಗಂಟು ಹೆಂಗ್ ಹಾಕ್ತೀರೇ ನೀವು?" ಎಂದ.

ಗೇಲಿ ಮಾಡಲು ಕೇಳುತ್ತಿದ್ದಾನೆ ಅಂದುಕೊಂಡೆ. "ಯಾಕೆ, ಬೂಟ್ಸು ಕಾಲಿನ ಕೆಲ್ಸ ನಿಂಗ್ಯಾಕಪ್ಪ?" ಎಂದೆ.

"ತೋರ್ಸೇ ಅಂದ್ರೆ ತೋರ್ಸು."

ಅವ್ವನ ಕದಿರಿನಿಂದ ಕರಿ ನೂಲು ಹರಿದು ಮಂಚದ ಹುರಿಗೆ ಹಾಕಿ ತೋರಿಸಿದೆ. "ಇನ್ನೊಂದ್ಸಲ" ಎಂದ. ಮತ್ತೆ ತೋರಿಸಿದೆ. ಅವನು ಗಂಟನ್ನು ನೋಡದೆ ನನ್ನ ಬೆರಳುಗಳನ್ನೇ ನೋಡುತ್ತಿದ್ದ. ಆಮೇಲೆ "ಸರಿ" ಎಂದು ಎದ್ದುಹೋದ. ಅವ್ವ ಒಳಗಿನಿಂದ, "ನಿಮ್ಮಪ್ಪಗೆ ಇವತ್ತೇನಾಗೈತೋ" ಎಂದಳು. ಅಷ್ಟೇ. ಆ ಮಾತು ಮತ್ತೆ ಬರಲಿಲ್ಲ.

ಆಮೇಲೊಮ್ಮೆ ಊರಿಗೆ ಹೋದಾಗ ಮರೆತು ಎಡಗೈಯಲ್ಲೇ ನೀರಿನ ಚೊಂಬು ಚಾಚಿದೆ. ತಪ್ಪು ಗೊತ್ತಾಗಿ ಕೈ ಹಿಂದೆಗೆಯುವಷ್ಟರಲ್ಲಿ ಅಪ್ಪ ಅದನ್ನು ಇಸಕೊಂಡು ಕುಡಿದುಬಿಟ್ಟ. ಮತ್ತಿನ ಸಲವೂ ಹಾಗೇ. ಅಪ್ಪನಿಗೆ ವಯಸ್ಸಾಯಿತು, ಕಣ್ಣು ಮಂದವಾಗಿದೆ, ಯಾವ ಕೈ ಎಂದು ಕಾಣುತ್ತಿಲ್ಲ ಅಂದುಕೊಂಡೆ. ಅದಾದ ಮೇಲೂ ಅಪ್ಪ ಬಹಳ ವರ್ಷ ಬದುಕಿದ್ದು, ಕೊನೆಗೆ ನಿದ್ದೆಯಲ್ಲೇ ಹೋದ. ಅವನು ನೇಯ್ದ ಕೊನೆಯ ಕಂಬಳಿ ನನ್ನ ಪಾಲಿಗೆ ಬಂತು.

ನಾನು ಕೆಲಸ ಬಿಡುವ ವರ್ಷದ ಮಾತು ಇದು. ಕಣ್ಣು ಸೋತಿತ್ತು, ಇನ್ನು ಸಾಕು ಎಂದು ಕೋಣೆ ಖಾಲಿ ಮಾಡುತ್ತಿದ್ದೆ. ಆಗ ಚಿತ್ರದುರ್ಗದ ಹಳೇ ಪೇಟೆಯ ಶಮೀಮ್ ಟೀಚರ್ ಒಂದು ಗಂಬಳಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದರು. "ನಮ್ಮಮ್ಮಂಗೆ ತುಂಬಾ ವಯಸ್ಸಾಗೈತ್ರಿ. ಈ ಸಲ ರಂಜಾನ್ ಹಬ್ಬಕ್ಕೆ ಇದನ್ನೇ ಹಾಸ್ಬೇಕು ಅಂತ ಹಟ ಹಿಡಿದವ್ರೆ. ಮುಂದಿನ ಸಲಕ್ಕೆ ಇರ್ತೀನೋ ಇಲ್ವೋ ಅಂತಾರೆ" ಎಂದರು.

ಬಿಚ್ಚಿ ಹಾಸಿದೆ. ಕೆಲಸ ಶುರುಮಾಡಿದಾಗಿನಿಂದ ಅಂಥದ್ದನ್ನು ನಾನು ಕಂಡಿರಲಿಲ್ಲ. ಇರಾನಿನ ಕಿರ್ಮಾನ್ ಕಡೆಯದು. ಕೆಂಪಂತೂ ಮಾಗಿದ ನೇರಳೆಯ ಒಳಗಿನ ಬಣ್ಣಕ್ಕೆ ತಿರುಗಿತ್ತು. ಆದರೆ ಒಂದು ಮೂಲೆಯ ಕಪ್ಪು ಅಂಚಿನಲ್ಲಿ ಅಂಗೈಯಗಲದ ತೇಪೆ, ಅದರ ಸುತ್ತ ಹುಳ ತಿಂದು ಜಾಲರಿಯಾಗಿತ್ತು. ಯಾವನೋ ಕೆಲಸ ಬಾರದವನ ಕೈ ಇದು ಎಂದು ಬೈದುಕೊಂಡು ತೇಪೆಯನ್ನು ಮುಟ್ಟಿದೆ. ಬಿರುಸಾಗಿತ್ತು. ಒದ್ದೆ ಬಟ್ಟೆ ಒತ್ತಿ ತೆಗೆದು ಮೂಸಿದೆ. ಹುಣಸೆ ಬೀಜದ ಸರಿ. ಕಂಬಳಿ ನೇಯುವವನಲ್ಲದೆ ಬೇರೆ ಯಾರೂ ರತ್ನಗಂಬಳಿಗೆ ಸರಿ ಬಳಿಯುವುದಿಲ್ಲ. ದಿನಾ ಹೊದ್ದು ಕೊಡವುವ ಕಂಬಳಿಗೆ ಅದು ಒಪ್ಪುತ್ತದೆ. ಸುತ್ತಿ ಪೆಟ್ಟಿಗೆಯಲ್ಲಿಡುವ ಗಂಬಳಿಗೆ ಬಳಿದರೆ ಹುಳಗಳಿಗೆ ಊಟ ಬಡಿಸಿದ ಹಾಗೆ. ಕನ್ನಡಕ ಹಾಕಿಕೊಂಡು ಗಂಟು ನೋಡಿದೆ. ಕರಿ ಕುರಿಯ ಉಣ್ಣೆ. ಗಂಟುಗಳೆಲ್ಲ ಬಲಗಡೆಯ ಎಳೆಯನ್ನು ಸುತ್ತಿದ್ದವು.

ನನ್ನ ಗಂಟು. ಆದರೆ ನಾನು ಆ ಗಂಬಳಿಯನ್ನು ಜನ್ಮದಲ್ಲಿ ನೋಡಿರಲಿಲ್ಲ.

ಹುರಿ ಮಂಚ ನೆನಪಾಯಿತು. ಅಲ್ಲೇ ಕೂತುಬಿಟ್ಟೆ. ಟೀಚರ್ ಗಾಬರಿಯಾಗಿ ನೀರು ತಂದರು. ನಾನು, "ನಿಮ್ಮಮ್ಮನನ್ನು ನೋಡಬೇಕು" ಎಂದೆ.

ಟೀಚರಮ್ಮನ ತಾಯಿ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಮಾತು ಮಾತ್ರ ಸ್ಪಷ್ಟ. ಆ ತೇಪೆ ಯಾರು ಹಾಕಿದ್ದು ಎಂದು ಕೇಳಿದೆ.

"ವರ್ಷಾ ವರ್ಷಾ ನಮ್ಮನೇಗೆ ಕಂಬಳಿ ತಂದ್ಕೊಡೋರು ಒಬ್ರಿದ್ರು ಕಣಮ್ಮ, ಹರಿಯಬ್ಬೆ ಕಡೆಯೋರು. ಇಲಿ ಕಡಿದಿತ್ತು ಇದನ್ನ. ಏನಾದ್ರೂ ಮಾಡಾಕಾಗ್ತೈತಾ ನೋಡ್ರಿ ಅಂದೆ. 'ಇದು ನನ್ ಕೆಲ್ಸ ಅಲ್ಲ ತಾಯಿ, ಬಲ್ಲೋರು ಒಬ್ರು ಅವ್ರೆ, ಕೇಳ್ಕಂಡು ಬತ್ತೀನಿ' ಅಂದ್ರು. ಮುಂದಿನ ಸಂತೆಗೆ ಬಂದ್ರು. ಮೆಟ್ಟು ಹೊರಗೆ ಬಿಟ್ರು. ಗಂಬಳಿ ಮ್ಯಾಲೆ ಕಾಲೇ ಇಡ್ಲಿಲ್ಲ, ಅಂಚನ್ನ ತೊಡೆ ಮ್ಯಾಲೆ ಎಳ್ಕಂಡು ಕುಂತ್ರು. ಎಡಗೈಲಿ ಕಟ್ತಿದ್ರು, ಕೈ ತಡವರಿಸ್ತಿತ್ತು. ಎಡಚರೇನ್ರಿ ಅಂತ ಕೇಳ್ದೆ. 'ಅಲ್ಲ ತಾಯಿ, ನನ್ ಮಗಳು ಹಿಂಗೇ ಕಟ್ತಾಳೆ. ಕಲ್ಸಿದ್ದು ಅವ್ಳೇ' ಅಂದ್ರು."

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅವರು ಮುಂದುವರಿಸಿದರು.

"ಕೆಲ್ಸ ಮುಗಿದ ಮ್ಯಾಲೆ, 'ಇದನ್ನ ತುಳೀತೀರಾ ತಾಯಿ?' ಅಂತ ಕೇಳಿದ್ರು. ಇಲ್ಲಪ್ಪ, ಹಬ್ಬದ ದಿನ ಹಾಸಿ ಮನೆ ಹೆಂಗಸ್ರೆಲ್ಲ ನಮಾಜ್ ಮಾಡ್ತೀವಿ, ಹಣೆ ಇಡೋ ಜಾಗ ಇದು ಅಂದೆ. 'ಹಣೆ ಇಡ್ತೀರಾ?' ಅಂತ ಮತ್ತೆ ಕೇಳಿದ್ರು. ತೇಪೆನ ಒಂದ್ಸಲ ಸವರಿ, 'ಮಗಳ ಕೂಡೆ ಸುಮ್ಸುಮ್ನೆ ಜಗಳ ಆಡ್ಬಿಟ್ಟೆ' ಅಂದ್ರು. ಹೇಳ್ರಿ ಮತ್ತೆ ಅವಳಿಗೆ ಅಂದೆ. 'ಹೇಳ್ತೀನಿ ತಾಯಿ, ನಿಧಾನಕ್ಕೆ ಹೇಳ್ತೀನಿ' ಅಂದ್ರು. ನಿಮ್ಮಪ್ಪನಾ ಅವ್ರು? ಹೇಳಿರ್ಬೇಕಲ್ಲ ನಿಂಗೆ?"

ನನಗೆ ಆ ಚೊಂಬು ನೆನಪಾಯಿತು. ನನ್ನ ಎಡಗೈಯಿಂದ ಇಸಕೊಂಡು, ಕತ್ತೆತ್ತಿ, ಗಟಗಟ ಕುಡಿದದ್ದು. ಅಪ್ಪನ ಕಣ್ಣು ಮಂದವಾಗಿರಲಿಲ್ಲ.

"ಹೂನ್ರಮ್ಮ," ಎಂದೆ. "ಹೇಳಿದ್ದ. ನಂಗೇ ಕೇಳಿಸ್ಲಿಲ್ಲ."

ಕೋಣೆಗೆ ಹಿಂತಿರುಗಿ ಕತ್ತರಿ ಹಿಡಿದೆ. ಇಷ್ಟು ವರ್ಷ ಎಷ್ಟೋ ಜನರ ತೇಪೆ ಕಿತ್ತಿದ್ದೇನೆ, ಒಂದಕ್ಕೂ ಕೈ ಹಿಂಜರಿದಿರಲಿಲ್ಲ. ಆ ತೇಪೆಯನ್ನು ಉಳಿಸಿದರೆ ಹುಳ ಉಳಿಯುತ್ತದೆ, ಹುಳ ಉಳಿದರೆ ಗಂಬಳಿ ಉಳಿಯುವುದಿಲ್ಲ. ಅದರಡಿಯ ಹಾಸಿನ ನೂಲೂ ಸತ್ತಿತ್ತು, ತೊಳೆದರೆ ಸಾಲುತ್ತಿರಲಿಲ್ಲ. ಅಪ್ಪನ ಉಣ್ಣೆ ಸರಿಯಿತ್ತು, ಬಳಿದ ಸರಿಯೊಂದು ತಪ್ಪಾಗಿತ್ತು. ಕೇಳಿದ್ದರೆ ಹೇಳುತ್ತಿದ್ದೆ, ಬಳಿಯಬೇಡ ಅಪ್ಪ ಎಂದು. ಅವನು ಗಂಟಷ್ಟನ್ನೇ ಕೇಳಿದ್ದ. ಒಂದೊಂದೇ ಗಂಟು ಬಿಡಿಸುತ್ತ ಅತ್ತೆ. ಗಂಟಿಗೆ ಕತ್ತರಿಸಿದ ಎಳೆ ತೀರ ಗಿಡ್ಡ, ಬಿಡಿಸಿದ ಮೇಲೆ ಮತ್ತೆ ಕಟ್ಟಲು ಬರುವುದಿಲ್ಲ. ಮುಗಿಯುವ ಹೊತ್ತಿಗೆ ನನ್ನ ಮಡಿಲಲ್ಲಿ ಒಂದು ಹಿಡಿ ಕರಿ ಚೂರು ಉಳಿಯಿತು.

ಹೊಸ ಹಾಸು ಎಳೆದೆ. ಕಪ್ಪಿಗೆ ಅಪ್ಪನ ಕೊನೆಯ ಕಂಬಳಿಯ ಅಂಚು ಬಿಚ್ಚಿದೆ. ಅವ್ವ ನೂತದ್ದು, ಅಪ್ಪ ನೇಯ್ದದ್ದು. ಬಿಸಿ ನೀರಿನಲ್ಲಿ ಸರಿ ಹೋಗುವವರೆಗೂ ತೊಳೆದೆ. ಒಣಗಿಸಿ, ಜೋಡಿ ಎಳೆ ಮಾಡಿ ಹೊಸೆದು ಸೂಜಿಗೆ ಏರಿಸಿದೆ. ಬಲಗೈಯಲ್ಲಿ ಹಿಡಿದ ಸೂಜಿಯನ್ನು ಕೆಳಗಿಟ್ಟು, ಎಡಗೈಗೆ ತೆಗೆದುಕೊಂಡೆ.

ಹಬ್ಬದ ದಿನ ಟೀಚರ್ ಕರೆದಿದ್ದರು. ಮೆಟ್ಟು ಹೊರಗೆ ಬಿಟ್ಟು ಬಾಗಿಲ ಬಳಿ ನಿಂತೆ. ಅಮ್ಮನನ್ನು ಇಬ್ಬರು ಹಿಡಿದು ತಂದು ಆ ಮೂಲೆಯಲ್ಲೇ ಕೂರಿಸಿದರು. ಅವರು ಬಾಗಿ ಹಣೆ ಇಟ್ಟದ್ದು ಸರಿಯಾಗಿ ಆ ಜಾಗದ ಮೇಲೆ. ಮುಂದಿನ ಹಬ್ಬಕ್ಕೆ ಅವರು ಇರಲಿಲ್ಲ.

ಮಕ್ಕಳೇ, ಗಂಬಳಿಯ ದಿಕ್ಕೇ ನಿಮ್ಮ ದಿಕ್ಕು ಎಂದೆನಲ್ಲ, ಅದನ್ನು ಬಿಡಬೇಡಿ. ಯಾರಾದರೂ ದಿಕ್ಕು ತಪ್ಪಿಸಿ ಕಟ್ಟಿದ್ದರೆ ಬಿಚ್ಚಿ ಮತ್ತೆ ಕಟ್ಟಿ. ಆದರೆ ಮುಂದೆ ಎಂದಾದರೂ ಚಿತ್ರದುರ್ಗದಿಂದ ಒಂದು ಕಿರ್ಮಾನ್ ಗಂಬಳಿ ನಿಮ್ಮ ಕೈಗೆ ಬಂದು, ಬೆಳಕಿಗೆ ಹಿಡಿದಾಗ ಮೂಲೆಯಲ್ಲಿ ಅಂಗೈಯಗಲ ಕಪ್ಪು ಉಣ್ಣೆಯೊಂದೇ ಎದುರು ದಿಕ್ಕಿಗೆ ಒರಗಿದ್ದು ಕಂಡರೆ, ಉಳಿದದ್ದನ್ನೆಲ್ಲ ಸರಿಮಾಡಿ, ಅದನ್ನು ಮಾತ್ರ ಹಾಗೇ ಬಿಡಿ.